ಮೂರೂವರೆ ಅಡಿಗಿಂತ ಚಿಕ್ಕದು

ಜೂನ್ 3, 1986

ಅಪ್ಪನಿಗೆ,

ನಾನು ನಿಮ್ಮ ಹಾಸಿಗೆ ಅಂಗಡಿ ಬಿಟ್ಟು ಬಂದು ಎರಡು ವರ್ಷ ನಾಲ್ಕು ತಿಂಗಳಾಯಿತು. ಈ ನಡುವೆ ಹೆಣ್ಣುಮಗು ಹುಟ್ಟಿದೆ. ಅವಳಿಗೆ ಈಗ ಹದಿನಾಲ್ಕು ತಿಂಗಳು. ನಮ್ಮವರು ನೀರಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುತ್ತಾರೆ. ನಾನು ಒಂದು ಹಾಸಿಗೆ ಅಂಗಡಿಗೆ ಮನೆಯಲ್ಲೇ ಹೊಲಿದು ಕೊಡುತ್ತೇನೆ. ನಿಮ್ಮ ಕಿವಿ ಹೇಗಿದೆಯೋ ತಿಳಿಯದು. ಫೋನಿನಲ್ಲಿ ಕೂಗಾಡುವುದಕ್ಕಿಂತ ಬರೆಯುವುದೇ ವಾಸಿ ಎಂದು ಬರೆಯುತ್ತಿದ್ದೇನೆ.

ಕೇಳಬೇಕಾದ್ದು ಒಂದೇ. ಮಲಗುವ ಹೊತ್ತಾದರೆ ಮಗು ತಲೆ ಬಡಿದುಕೊಳ್ಳುತ್ತದೆ. ಸಿಟ್ಟಿಗಲ್ಲ, ಅಳುತ್ತಲೂ ಅಲ್ಲ. ಕಂಬಿ ಮಂಚದಲ್ಲಿ ಮೊಣಕಾಲೂರಿ ಕೂತು, ತಲೆಯ ಕಡೆಯ ಹಲಗೆಗೆ ಹಣೆಯನ್ನು ಒಂದೇ ಸಮನೆ ಬಡಿಯುತ್ತಾಳೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು. ಆಮೇಲೆ ಹಾಗೇ ಮಗ್ಗುಲಿಗೆ ಬಿದ್ದು ನಿದ್ದೆ ಹೋಗುತ್ತಾಳೆ. ಹಣೆಯ ಮೇಲೆ ಅಂಗಿಯ ಗುಂಡಿಯಷ್ಟು ಜಾಗ ಗಟ್ಟಿಯಾಗಿದೆ. ದಬ್ಬಣ ತಳ್ಳಿ ತಳ್ಳಿ ನಿಮ್ಮ ಅಂಗೈಯಲ್ಲಿ ಆಗಿದೆಯಲ್ಲ, ಹಾಗೆ.

ಕೆಳಗಿನ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವವರಿದ್ದಾರೆ. ಮೊದಲ ದಿನ ಮೆಟ್ಟಿಲ ಮೇಲೆ ಸಿಕ್ಕಿ, "ಏನಮ್ಮಾ, ಮೇಲೆ ಬಡಗಿ ಕೆಲಸ ನಡೀತಿದೆಯಾ?" ಎಂದರು.

"ಇಲ್ಲ, ಮಗು ಮಲಗ್ತಿದೆ" ಅಂದೆ.

"ಮಲಗೋಕೆ ಇಷ್ಟು ಸದ್ದಾ? ನಮ್ಮನೆಯವಳು ಎದ್ದು ಪಾತ್ರೆ ತೊಳೆಯೋವಾಗಲೂ ಇಷ್ಟು ಸದ್ದು ಮಾಡಲ್ಲ."

ಅವರು ಎಣಿಸಿದ್ದಾರೆ. ನಿಮಿಷಕ್ಕೆ ಐವತ್ತೆಂಟು. ಇನ್ನೆರಡು ಹೆಚ್ಚು ಬಡಿದರೆ ಗಡಿಯಾರವೆಂದೇ ಗೋಡೆಗೆ ನೇತುಹಾಕಬಹುದಂತೆ. ಅಂದಿನಿಂದ ಮಗುವಿಗೆ ಬಡಗಿ ಎಂದೇ ಹೆಸರು.

ಡಾಕ್ಟರಿಗೆ ತೋರಿಸಿದೆ. "ಇಂಥ ಮಕ್ಕಳನ್ನ ಎಷ್ಟೋ ನೋಡಿದೀನಿ. ತೊಟ್ಟಿಲು ತೂಗಿದ ಹಾಗೆ ಅದಕ್ಕೆ. ಮೂರು ವರ್ಷದ ಹೊತ್ತಿಗೆ ತಾನಾಗೇ ಬಿಡುತ್ತೆ. ಮಂಚ ಗೋಡೆಯಿಂದ ದೂರ ಎಳೆದಿಡಿ, ಒಳಗೆ ಏನೂ ತುರುಕಬೇಡಿ" ಎಂದರು. ನಮ್ಮವರು ಮಾತ್ರ, "ನಿಮ್ಮಪ್ಪನ ಹಟ ಇದು. ತಲೆಯಿಂದಲೇ ಶುರುವಾಗಿದೆ" ಎನ್ನುತ್ತಾರೆ.

ನಾನೂ ಚಿಕ್ಕವಳಿದ್ದಾಗ ಹೀಗೆ ಮಾಡುತ್ತಿದ್ದೆನೇ? ಅಮ್ಮ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ.

ನಿಮ್ಮ ಮಗಳು


ಜೂನ್ 10, 1986

ಮಗಳೇ,

ಪತ್ರ ಬಂತು. ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಹತ್ತಿ ಹಿಂಜುವ ಯಂತ್ರದ ಸದ್ದು ಮಾತ್ರ ಕೇಳುತ್ತದೆ, ಅದೂ ಯಂತ್ರ ನಿಂತ ಮೇಲೆ. ಹಾಗಾಗಿ ಬರೆದದ್ದು ಒಳ್ಳೆಯದಾಯಿತು.

ನೀನು ತಲೆ ಬಡಿದುಕೊಳ್ಳುತ್ತಿರಲಿಲ್ಲ.

ಮಗು ದಿನವೂ ಕೂತೇ ಬಡಿಯುತ್ತದೋ, ಮಲಗಿಯೂ ಬಡಿಯುತ್ತದೋ? ಸದ್ದು ನಿಧಾನವಾಗಿ ಕಡಿಮೆಯಾಗುತ್ತದೋ, ಒಮ್ಮೆಲೇ ನಿಲ್ಲುತ್ತದೋ? ನಿಂತ ಮೇಲೆ ನೀನು ಹೋಗಿ ನೋಡುತ್ತೀಯೋ? ಇವಕ್ಕೆ ಉತ್ತರ ಬರೆ.

ಮಂಚದ ತಿರುಪುಗಳನ್ನು ವಾರಕ್ಕೊಮ್ಮೆ ಬಿಗಿಮಾಡು. ಬಡಿತಕ್ಕೆ ಸಡಿಲವಾಗುತ್ತವೆ. ಬೇರೆ ಏನೂ ಮಾಡಬೇಡ. ಡಾಕ್ಟರು ಸರಿಯಾಗಿ ಹೇಳಿದ್ದಾರೆ. ಮೆತ್ತೆ ಕಟ್ಟಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ಸದ್ದು ಬರಲಿ. ಸದ್ದಿನಿಂದ ಯಾರಿಗೂ ಏನೂ ಆಗುವುದಿಲ್ಲ.

ಈ ಸಲದ ಹತ್ತಿಯಲ್ಲಿ ಬೀಜ ಹೆಚ್ಚು.

ಅಪ್ಪ


ಜೂನ್ 23, 1986

ಅಪ್ಪನಿಗೆ,

ನಿಮ್ಮ ಪತ್ರ ಬರುವ ಮೊದಲೇ ಹೊಲಿದು ಮುಗಿಸಿದ್ದೆ. ಆದ್ದರಿಂದ ನಿಮ್ಮ ಮಾತು ಮೀರಿದಳು ಎಂದು ತಿಳಿಯಬೇಡಿ. ಮೊದಲೇ ಬಂದಿದ್ದರೂ ಹೊಲಿಯುತ್ತಿದ್ದೆ, ಅದು ಬೇರೆ ಮಾತು.

ನಾಲ್ಕೂ ಬದಿಗೆ ಪಟ್ಟಿ ಮೆತ್ತೆ ಮಾಡಿದ್ದೇನೆ. ಒಂದು ಗೇಣು ಎತ್ತರ, ನಾಲ್ಕು ಬೆರಳು ದಪ್ಪ. ಎರಡು ಸಲ ಹಿಂಜಿದ ಹತ್ತಿ. ಮೂಲೆಗಳಿಗೆ ನೀವು ಕಲಿಸಿದ ಹಾಗೆ ಮುಷ್ಟಿಯಿಂದ ಗುದ್ದಿ ತುಂಬಿದ್ದೇನೆ. ಎಷ್ಟು ಒತ್ತಿದರೂ ಹಲಗೆ ಕೈಗೆ ಸಿಗುವುದಿಲ್ಲ. ಮೊದಲು ಲಾಡಿ ಕಟ್ಟಿದ್ದೆ. ಬಡಗಿ ಎರಡೇ ದಿನದಲ್ಲಿ ಬಿಚ್ಚಿ ಬಾಯಿಗೆ ಹಾಕಿಕೊಂಡಳು. ಹಾಗಾಗಿ ಮೇಣದ ದಾರದಲ್ಲಿ ಕಂಬಿಗಳಿಗೇ ಹೊಲಿದುಬಿಟ್ಟೆ. ನಿಮ್ಮ ಹೊಲಿಗೆ, ಒಂದು ಬಿಟ್ಟರೆ ಇನ್ನೊಂದು ಹಿಡಿಯುವಂಥದ್ದು. ಈಗ ಬಿಚ್ಚಬೇಕಾದರೆ ಕತ್ತರಿ ಸಾಲದು, ಅಲಗು ಬೇಕು.

ಮನೆ ನಿಶ್ಶಬ್ದವಾಗಿದೆ. ಅವಳು ಬಡಿಯುತ್ತಾಳೆ, ಸದ್ದು ಬರುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ದೂರದ ಹೊಲದಲ್ಲಿ ಯಾರೋ ಗುದ್ದಲಿ ಎತ್ತಿ ಹಾಕುವುದನ್ನು ಕಂಡ ಹಾಗೆ. ನಮ್ಮವರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನಿದ್ದೆ ಮಾಡುತ್ತಿದ್ದಾರೆ. ಗಡಿಯಾರದವರಿಗೆ ಮಾತ್ರ ಬೇಸರ. "ಬಡಗಿ ಕೆಲಸ ಬಿಟ್ಟಳಾ? ನಾನು ನನ್ನ ಲೋಲಕಗಳನ್ನ ಅವಳಿಗೆ ಹೊಂದಿಸಿಕೊಂಡಿದ್ದೆ" ಎಂದರು.

ಅಂಗಡಿಯ ಯಜಮಾನರು ನೋಡಿ, ಅಂಥದ್ದೇ ಒಂದನ್ನು ಮಾಡಿಸಿ ಗಾಜಿನ ಹಿಂದೆ ಇಟ್ಟಿದ್ದಾರೆ. ತಲೆ ಬಡಿದುಕೊಳ್ಳುವ ಮಕ್ಕಳು ಇಷ್ಟೊಂದು ಮನೆಯಲ್ಲಿದ್ದಾರೆಂದು ನನಗೆ ತಿಳಿದಿರಲಿಲ್ಲ. ಎಲ್ಲರೂ ತಮ್ಮದೊಂದೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು.

ಒಂದು ಮಾತು ಹೇಳದೆ ಇರಲಾರೆ. 'ಮೂರೂವರೆ ಅಡಿಗಿಂತ ಚಿಕ್ಕದನ್ನು ಇಲ್ಲಿ ಹೊಲಿಯುವುದಿಲ್ಲ' ಎಂದು ನಿಮ್ಮ ಕೈಯಲ್ಲೇ ಬರೆದ ಹಲಗೆ ನಮ್ಮ ಅಂಗಡಿಯಲ್ಲಿ ಇನ್ನೂ ಇದೆಯೇ? ಹೆರಿಗೆ ಆಸ್ಪತ್ರೆಗೆ ನಲವತ್ತು ಪುಟ್ಟ ಮೆತ್ತೆ ಹೊಲಿಯುವ ಕೆಲಸ ಹಿಡಿದು ತಂದಿದ್ದೆ. ಆಸ್ಪತ್ರೆಯಿಂದ ಬಂದ ಮನುಷ್ಯನ ಎದುರಿಗೇ, "ನನ್ನ ಮಗಳಿಗೆ ಬುದ್ಧಿ ಇಲ್ಲ, ನೀವು ಹೊರಡಿ" ಎಂದಿರಿ. ಕಾರಣ ಕೇಳಿದರೆ ಹತ್ತಿ ಹಿಂಜಲು ಕೂತಿರಿ. ಹಾಸಿಗೆ ಹೊಲಿಯುವವನ ಮಗಳಾಗಿ ಆರು ವರ್ಷ ತುಂಬುವವರೆಗೆ ನಾನು ಬರೀ ಚಾಪೆಯ ಮೇಲೆ ಮಲಗಿದೆ. ಸಾಲದ್ದಕ್ಕೆ ಅಮ್ಮ ನಡುರಾತ್ರಿ ಎಬ್ಬಿಸಿ, "ನೀರು ಬೇಕಾ?" ಎಂದು ಕೇಳುತ್ತಿದ್ದಳು. ನನಗೆ ಯಾವತ್ತೂ ನೀರು ಬೇಕಿರಲಿಲ್ಲ.

ನನ್ನ ಮಗಳು ಮೆತ್ತಗಿನದರಲ್ಲಿ ಮಲಗುತ್ತಾಳೆ.

ನಿಮ್ಮ ಮಗಳು


ಜೂನ್ 30, 1986

ಮಗಳೇ,

ಬಿಚ್ಚು. ಈ ಪತ್ರ ಓದಿ ಮುಗಿಸಿದ ಕೂಡಲೇ ಅಲಗು ತೆಗೆದುಕೋ.

ಸೆಕೆಗೆ ಮಗುವಿಗೆ ಬೆವರುಸಾಲೆ ಏಳುತ್ತದೆ. ಹತ್ತಿಯಲ್ಲಿ ತಿಗಣೆ ಸೇರುತ್ತದೆ. ಧೂಳು ಬೇರೆ. ನಲವತ್ತೈದು ವರ್ಷ ಈ ಕೆಲಸ ಮಾಡಿದವನು ಹೇಳುತ್ತಿದ್ದೇನೆ.

ಬೇರೆಯವರಿಗೂ ಹೊಲಿಯಬೇಡ.

ನನ್ನ ಪ್ರಶ್ನೆಗಳಿಗೆ ನೀನು ಉತ್ತರ ಬರೆಯಲಿಲ್ಲ. ನಿಂತ ಮೇಲೆ ಹೋಗಿ ನೋಡುತ್ತೀಯಾ?

ಅಪ್ಪ


ಜುಲೈ 23, 1986

ಅಪ್ಪನಿಗೆ,

ಸಿಟ್ಟು ಇಳಿಯಲಿ ಎಂದು ಮೂರು ವಾರ ಕಾದೆ. ಪೂರ್ತಿ ಇಳಿದಿಲ್ಲ.

ಬೆವರುಸಾಲೆ, ತಿಗಣೆ, ಧೂಳು. ಹತ್ತಿಯನ್ನು ಬಿಸಿಲಿಗೆ ಹಾಕದೆ ತುಂಬಲು ನಾನೇನು ನಿನ್ನೆ ದಬ್ಬಣ ಹಿಡಿದವಳೇ? ನಿಮ್ಮ ಕೈಯಲ್ಲೇ ಕಲಿತ ಕೆಲಸ. ಅದನ್ನು ನಾಲ್ಕು ಜನ ಮೆಚ್ಚಿದರೆ ನಿಮಗೆ ಯಾಕೆ ಕಷ್ಟವಾಗುತ್ತದೋ ಕಾಣೆ. ಯಾವಾಗಲೂ ಅಪ್ಪಣೆ ಮುಂದೆ, ಕಾರಣ ಹಿಂದೆ. ಹಿಂದೆ ಎಂದರೆ ಎಷ್ಟು ಹಿಂದೆಯೋ, ನನಗಿನ್ನೂ ತಲುಪಿಲ್ಲ.

ಇದುವರೆಗೆ ಹನ್ನೊಂದು ಮನೆಗೆ ಹೊಲಿದಿದ್ದೇನೆ. ಎಲ್ಲವನ್ನೂ ನಾನೇ ಹೋಗಿ ಮಂಚದ ಅಳತೆ ತೆಗೆದು, ನಾನೇ ಕಂಬಿಗೆ ಹೊಲಿದು ಬಂದದ್ದು. ಎಂಟನೆಯ ಮನೆಯಾಕೆ ಟೆಲಿಫೋನ್ ಆಪರೇಟರ್. ಹತ್ತು ತಿಂಗಳ ಗಂಡುಮಗು. "ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು. ಎಲ್ಲಿದೆ ಮಗು ಅಂತ ಹುಡುಕಬೇಕು, ಅಷ್ಟು ಸುಮ್ಮನೆ ಮಲಗುತ್ತೆ" ಎಂದಳು. ಇಂಥ ಮಾತು ನಿಮ್ಮ ಅಂಗಡಿಯಲ್ಲಿ ನಾನು ಒಂದು ದಿನವೂ ಕೇಳಲಿಲ್ಲ.

ಇರಲಿ. ಜಗಳಕ್ಕೆಂದೇ ಬರೆದೆ ಎನ್ನಬೇಡಿ. ನಿಮ್ಮನ್ನು ನಗಿಸುವ ಸಂಗತಿಯೂ ಒಂದಿದೆ. ನಿನ್ನೆ ಮಧ್ಯಾಹ್ನ ಬಡಗಿಯನ್ನು ಮಲಗಿಸಿ ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಬಾಗಿಲು ದಬದಬ ಬಡಿದ ಸದ್ದು. ನೋಡಿದರೆ ಗಡಿಯಾರದವರು. ಒಂದು ಕಣ್ಣಿಗೆ ಮಸೂರ ಹಾಗೇ ಸಿಕ್ಕಿಸಿಕೊಂಡಿದ್ದಾರೆ, ಕೈಯಲ್ಲಿ ಚಿಮಟ.

"ಮಗು ಎಲ್ಲಮ್ಮಾ?"

"ಮಲಗಿದೆ. ಯಾಕೆ, ಸದ್ದಾಯ್ತಾ?"

"ಸದ್ದಾಗಿದ್ರೆ ನಾನ್ಯಾಕೆ ಬರ್ತಿದ್ದೆ? ಬಡಿಯೋದು ಕೇಳಿಸದಿದ್ರೂ ಮಂಚದ ಕಾಲು ಕಿರ್ ಕಿರ್ ಅನ್ನೋದು ದಿನಾ ಕೇಳಿಸ್ತಿತ್ತು. ಇವತ್ತು ಶುರುವಾಯ್ತು, ಪಟ್ ಅಂತ ನಿಂತುಹೋಯ್ತು. ನಿಲ್ಲೋ ರೀತಿ ಅದಲ್ಲ. ಗಡಿಯಾರ ಹಾಗೆ ನಿಂತ್ರೆ ನಾನು ಬಿಚ್ಚಿ ನೋಡ್ತೀನಿ."

ನನಗೆ ನಗು. ಆದರೂ ಅವರ ಸಮಾಧಾನಕ್ಕೆ ಒಳಗೆ ಕರೆದುಕೊಂಡು ಹೋದೆ. ಬಡಗಿ ಮೂಲೆಯಲ್ಲಿ ಬೋರಲು ಬಿದ್ದು, ಎರಡು ಮೆತ್ತೆ ಸೇರುವ ಸಂದಿಗೆ ಮುಖ ಹುದುಗಿಸಿ ಮಲಗಿದ್ದಳು, ಬೆಕ್ಕಿನ ಮರಿ ತಾಯಿಯ ಹೊಟ್ಟೆಯಲ್ಲಿ ಮೂತಿ ಇಟ್ಟ ಹಾಗೆ. ಕೂದಲೆಲ್ಲ ಬೆವರಿನಲ್ಲಿ ಒದ್ದೆ. ಎತ್ತಿಕೊಂಡಾಗ ಕತ್ತು ಜೋಲಿತು, ಅಷ್ಟು ಗಾಢ ನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಉದ್ದಕ್ಕೆ ಉಸಿರೆಳೆದು ಚೀರಿದಳು. ತುಟಿ ಒಂದು ಥರ ಬಣ್ಣವಾಗಿತ್ತು. ಮಲಗುವ ಮುಂಚೆ ನೇರಳೆ ಬಣ್ಣದ ಸೀಮೆಸುಣ್ಣ ಬಾಯಿಗೆ ಹಾಕಿಕೊಂಡಿದ್ದಳು, ಅದೇ ಇರಬೇಕು. ಗಡಿಯಾರದವರು ಏನೂ ಹೇಳದೆ ಕೆಳಗೆ ಹೋದರು. ಹೋಗುವಾಗ ಚಿಮಟ ನಮ್ಮ ಮೆಟ್ಟಿಲ ಮೇಲೇ ಬಿಟ್ಟುಹೋಗಿದ್ದಾರೆ.

ಇನ್ನೊಬ್ಬರ ಮಗುವಿಗಾಗಿ ಇಷ್ಟು ಗಾಬರಿ ಬೀಳುವವರೂ ಇದ್ದಾರೆ ನೋಡಿ.

ನಿಮ್ಮ ಮಗಳು


ತಂತಿ, ಜುಲೈ 28, 1986

ಮೆತ್ತೆ ಕತ್ತರಿಸು. ಇಂದೇ. ಕಾರಣ ಪತ್ರದಲ್ಲಿ. ಅಪ್ಪ


ಜುಲೈ 31, 1986

ಮಗಳೇ,

ತಂತಿ ಕೊಟ್ಟ ದಿನವೇ ಈ ಪತ್ರ ಹಾಕಬೇಕಿತ್ತು. ಮೂರು ದಿನ ಬರೆದು ಹರಿದೆ. ಆ ಮೂರು ದಿನಗಳಲ್ಲಿ ಏನಾದರೂ ಆಗಿದ್ದರೆ ಅದೂ ನನ್ನ ಲೆಕ್ಕಕ್ಕೇ.

ನಿನಗಿಂತ ಮುಂಚೆ ಒಂದು ಮಗುವಿತ್ತು. ನಿನ್ನ ಅಕ್ಕ. ಜ್ವರದಲ್ಲಿ ಹೋಯಿತು ಎಂದು ನಿನಗೆ ಯಾರಾದರೂ ಹೇಳಿರಬಹುದು. ಹಾಗೆ ಹೇಳಿದವರಿಗೆ ಹೇಳಿದವನು ನಾನು. ಅದಕ್ಕೆ ಜ್ವರ ಇರಲಿಲ್ಲ.

ಅದೂ ಬಡಿದುಕೊಳ್ಳುತ್ತಿತ್ತು. ಆಗ ನಾವು ಅಂಗಡಿಯ ಹಿಂದೆಯೇ ಇದ್ದೆವು, ನಡುವೆ ಒಂದು ಪರದೆ ಅಷ್ಟೆ. ಹಾಸಿಗೆ ಕೊಳ್ಳಲು ಬಂದವರು, "ಒಳಗೆ ಯಾರೋ ಗೋಡೆ ಒಡೀತಿದ್ದಾರಲ್ಲ" ಎಂದು ನಗುತ್ತಿದ್ದರು. ಹಾಸಿಗೆ ಹೊಲಿಯುವವನ ಮಗುವಿನ ಹಣೆಯಲ್ಲಿ ಬಾವು ಎಂದು ನನಗೆ ನಾಚಿಕೆ. ನಾಲ್ಕೂ ಬದಿಗೆ ಪಟ್ಟಿ ಮೆತ್ತೆ ಹೊಲಿದೆ. ಒಂದು ಗೇಣು ಎತ್ತರ, ನಾಲ್ಕು ಬೆರಳು ದಪ್ಪ. ಮೂಲೆಗೆ ಮುಷ್ಟಿಯಿಂದ ಗುದ್ದಿ ತುಂಬಿದೆ. ನಿನ್ನ ಪತ್ರದಲ್ಲಿ ಆ ಅಳತೆ ಓದಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ನಾನು ನಿನಗೆ ಆ ಅಳತೆ ಕಲಿಸಿರಲಿಲ್ಲ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಇಪ್ಪತ್ತು ದಿನ ಚೆನ್ನಾಗಿತ್ತು.

ಅವತ್ತು ಮಧ್ಯಾಹ್ನ ಜೋಡಿ ಹಾಸಿಗೆಯ ಅಂಚು ಹೊಲಿಯುತ್ತಿದ್ದೆ. ಆಗ ನನ್ನ ಕಿವಿ ಚೆನ್ನಾಗಿತ್ತು. ಮಂಚ ಅಲುಗುವ ಸದ್ದು ಕೇಳಿಸುತ್ತಿತ್ತು. ಅದು ನಿಂತದ್ದೂ ಕೇಳಿಸಿತು. ಮೆಲ್ಲಗೆ ಕಡಿಮೆಯಾಗಿ ನಿಲ್ಲಲಿಲ್ಲ, ಒಮ್ಮೆಲೇ ನಿಂತಿತು. ನಿನ್ನ ಅಮ್ಮ ಒಲೆಯ ಮುಂದಿನಿಂದ, "ಮಲಗಿತಾ?" ಎಂದು ಕೇಳಿದಳು. ನಾನು, "ಮಲಗಿತು" ಅಂದೆ. ಎದ್ದು ನೋಡಲಿಲ್ಲ. ಇನ್ನೂ ಎರಡು ಸಾಲು ಹೊಲಿಗೆ ಉಳಿದಿತ್ತು, ಮುಗಿಸಿದೆ.

ಮೂಲೆಯಲ್ಲಿತ್ತು. ನೀನು ಬರೆದ ಹಾಗೆಯೇ, ಎರಡು ಮೆತ್ತೆ ಸೇರುವ ಸಂದಿಯಲ್ಲಿ. ತುಟಿಯ ಬಣ್ಣವೂ ಅದೇ. ಸೀಮೆಸುಣ್ಣವಲ್ಲ, ಮಗಳೇ. ಮೆತ್ತಗಿನದರಲ್ಲಿ ಮುಖ ಸಿಕ್ಕಿದರೆ ಆ ವಯಸ್ಸಿಗೆ ಬಿಡಿಸಿಕೊಳ್ಳಲು ತಿಳಿಯುವುದಿಲ್ಲ. ಹಲಗೆಯಾದರೆ ನೋಯುತ್ತದೆ, ಅಳುತ್ತದೆ, ಯಾರಾದರೂ ಓಡುತ್ತಾರೆ. ಹತ್ತಿ ಯಾರನ್ನೂ ಕರೆಯುವುದಿಲ್ಲ.

ಹದಿನೈದು ತಿಂಗಳಾಗಿತ್ತು. ಮೂರಡಿಯೂ ಇರಲಿಲ್ಲ. ಅದಕ್ಕೇ ಅಂಗಡಿಯಲ್ಲಿ ಆ ಹಲಗೆ ಬರೆದು ಹಾಕಿದೆ.

ನಿನ್ನ ಅಮ್ಮ ನನ್ನನ್ನು ಒಂದು ಮಾತು ಬೈಯಲಿಲ್ಲ. ಜ್ವರ ಎಂದು ನಾನು ಜನಕ್ಕೆ ಹೇಳಿದಾಗ ಪಕ್ಕದಲ್ಲಿ ನಿಂತು ತಲೆ ಆಡಿಸಿದಳು. ಆದರೆ ನೀನು ಹುಟ್ಟಿದ ಮೇಲೆ ಒಂದು ದಿನವೂ ನನ್ನನ್ನು "ಮಲಗಿತಾ?" ಎಂದು ಕೇಳಲಿಲ್ಲ. ತಾನೇ ಎದ್ದು ಹೋಗಿ ನೋಡುತ್ತಿದ್ದಳು. ನೀರು ಬೇಕಾ ಎಂದು ಎಬ್ಬಿಸುತ್ತಿದ್ದುದು ಅದಕ್ಕೆ.

ಕಿವಿ ಹೋಯಿತು ಎಂದು ಜನ ಅಯ್ಯೋ ಎನ್ನುತ್ತಾರೆ. ನನಗೆ ಅದರಿಂದ ಹೆಚ್ಚು ನಷ್ಟವಾಗಿಲ್ಲ.

ಆ ಹನ್ನೊಂದು ಮನೆಗಳಿಗೆ ಹೋಗಿ ಏನಾದರೂ ನೆವ ಹೇಳಿ ಮೆತ್ತೆ ವಾಪಸು ತಾ. ಹತ್ತಿಗೆ ಹುಳು ಬಿದ್ದಿದೆ ಎನ್ನು. ಗಡಿಯಾರದವರಿಗೆ ನನ್ನ ನಮಸ್ಕಾರ ತಿಳಿಸು. ಈ ಪತ್ರ ಓದಿ ಸುಟ್ಟುಬಿಡು.

ಅಪ್ಪ


ಆಗಸ್ಟ್ 7, 1986, ಗುರುವಾರ

ಅಪ್ಪಾ,

ಪತ್ರ ನಿನ್ನೆ ಮಧ್ಯಾಹ್ನ ಬಂತು. ಬಡಗಿ ಆಗಷ್ಟೇ ಮಲಗಿದ್ದಳು. ಅರ್ಧ ಓದಿ ಒಳಗೆ ಓಡಿದೆ, ಅವಳನ್ನು ಎತ್ತಿ ನೆಲದ ಮೇಲೆ ಮಲಗಿಸಿದೆ, ಅಲಗು ತೆಗೆದುಕೊಂಡೆ. ಉಳಿದರ್ಧ ಓದಿದ್ದು ಮೆತ್ತೆ ಕತ್ತರಿಸಿದ ಮೇಲೆ. ನಿಮ್ಮ ಹೊಲಿಗೆ ಸುಲಭವಾಗಿ ಬಿಡುವುದಿಲ್ಲ. ಎಡಗೈ ಬೆರಳು ಕೊಯ್ದುಕೊಂಡಿದ್ದೇನೆ. ಹಾಳೆಯ ಮೇಲಿನ ಕಲೆ ಅದೇ, ಗಾಬರಿ ಬೀಳಬೇಡಿ. ಅವಳು ಚೆನ್ನಾಗಿದ್ದಾಳೆ.

ನೀವು ಬರೆದದ್ದಕ್ಕೆ ನಾನೂ ಒಂದನ್ನು ಬರೆಯಬೇಕು. ನಿಮ್ಮ ತಂತಿ ಇಪ್ಪತ್ತೊಂಬತ್ತನೆಯ ತಾರೀಖೇ ಬಂದಿತ್ತು. ನಾನು ಕತ್ತರಿಸಲಿಲ್ಲ. ಮತ್ತೆ ಅಪ್ಪಣೆ ಬಂತು ಎಂದು ಅದನ್ನು ಮಡಿಚಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟೆ. ಎಂಟು ದಿನ ಅವಳು ಅದರೊಳಗೇ ಮಲಗಿದಳು. ಪ್ರತಿ ಮಧ್ಯಾಹ್ನ, ಪ್ರತಿ ರಾತ್ರಿ. ನಿಮ್ಮದು ಎರಡು ಸಾಲು ಹೊಲಿಗೆ. ನನ್ನದು ಎಂಟು ದಿನ. ನನ್ನ ಮಗು ಉಳಿದದ್ದಕ್ಕೆ ನಾನು ಏನೂ ಮಾಡಿಲ್ಲ.

ಗಡಿಯಾರದವರಿಗೆ ಚಿಮಟ ಕೊಡಲು ಕೆಳಗೆ ಹೋಗಿ ನಿಮ್ಮ ನಮಸ್ಕಾರ ತಿಳಿಸಿದೆ. ಅವರು ಚಿಮಟ ಒರೆಸಿ ಅದರ ಜಾಗಕ್ಕಿಟ್ಟರು. ಆಮೇಲೆ, "ನಿನಗೆ ಅವತ್ತೇ ಹೇಳಬೇಕು ಅನ್ನಿಸ್ತು. ಮಗು ತುಟಿ ನೋಡಿದೆ. ನೀನು ನಗ್ತಿದ್ದೆ. ಬಾಯಿ ಬರಲಿಲ್ಲ" ಎಂದರು. ಹೇಳದೆ ಉಳಿಯುವುದು ನಮ್ಮ ಮನೆಯ ರೋಗ ಒಂದೇ ಅಲ್ಲ.

ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗಿ ವಿಷಯ ಹೇಳಿ, ಮೆತ್ತೆಗಳನ್ನೆಲ್ಲ ವಾಪಸು ತರಬೇಕು ಎಂದೆ. ಯಜಮಾನರು, "ಮುದುಕರ ಭಯ ಕಣಮ್ಮಾ ಅದು. ಕೊಟ್ಟ ಮಾಲು ವಾಪಸ್ ತಗೊಂಡ್ರೆ ನಾಳೆ ಯಾರು ಈ ಬಾಗಿಲಿಗೆ ಬರ್ತಾರೆ?" ಎಂದರು. ಗಾಜಿನ ಹಿಂದಿದ್ದುದನ್ನು ನಾನೇ ಒಳಗೆ ಹೋಗಿ ಅವರೆದುರೇ ಕೊಯ್ದುಹಾಕಿದೆ. ಹತ್ತಿ ಅಂಗಡಿಯೆಲ್ಲ ಹಾರಿತು. ನಾಳೆಯಿಂದ ಬರಬೇಡ ಎಂದರು. ಅಳತೆ ಪುಸ್ತಕ ನನ್ನದು, ಎತ್ತಿಕೊಂಡು ಬಂದೆ. ಹನ್ನೊಂದೂ ವಿಳಾಸ ಅದರಲ್ಲಿವೆ.

ಹುಳು ಬಿದ್ದಿದೆ ಎಂದು ಹೇಳಿದರೆ ಕೇಳುವುದಿಲ್ಲ, ಅಪ್ಪಾ. ಬಿಸಿಲಿಗೆ ಹಾಕಿಕೊಳ್ತೀವಿ ಬಿಡಿ, ಮಗು ಈಗಷ್ಟೇ ನಿದ್ದೆ ಕಲಿತಿದೆ ಎನ್ನುತ್ತಾರೆ. ನೀವು ತಿಗಣೆ ಎಂದಾಗ ನಾನೇ ಕೇಳಲಿಲ್ಲವಲ್ಲ. ಆದ್ದರಿಂದ ನಿಮ್ಮ ಪತ್ರ ಸುಟ್ಟಿಲ್ಲ. ಜೊತೆಗೆ ಒಯ್ಯುತ್ತೇನೆ. ಪ್ರತಿ ಮನೆಯಲ್ಲೂ, "ಅವತ್ತು ಮಧ್ಯಾಹ್ನ" ಎನ್ನುವಲ್ಲಿಂದ "ಯಾರನ್ನೂ ಕರೆಯುವುದಿಲ್ಲ" ಎನ್ನುವವರೆಗೆ ಓದುತ್ತೇನೆ. ಇದು ನನ್ನ ತಂದೆಯ ಕೈಬರಹ ಎಂದು ಹೇಳುತ್ತೇನೆ. ನೀವು ಮೂವತ್ತು ವರ್ಷ ಜ್ವರ ಎಂದು ಮುಚ್ಚಿಟ್ಟದ್ದು ಹನ್ನೊಂದು ಮನೆಯವರಿಗೆ ಗೊತ್ತಾಗುತ್ತದೆ. ನಿಮ್ಮ ಒಪ್ಪಿಗೆ ಕೇಳಿ ಉತ್ತರಕ್ಕೆ ಕಾಯುವಷ್ಟು ಸಮಯವಿಲ್ಲ.

ಒಂದರಿಂದ ಹನ್ನೊಂದಕ್ಕೆ ಪುಸ್ತಕದಲ್ಲಿರುವ ಕ್ರಮದಲ್ಲೇ ಹೋಗುವುದು ಎಂದುಕೊಂಡಿದ್ದೆ. ಈಗ ಹಾಗಲ್ಲ. ಎಂಟನೆಯ ಮನೆಯ ಆಪರೇಟರ್ ಮಗುವಿಗೆ ಒಂದು ಜೋಡಿ ಹೊದಿಕೆ ಹೊಲಿಸಲು ಕೊಟ್ಟಿದ್ದಳು. ಸೋಮವಾರ ಕೆಲಸ ಮುಗಿಸಿ ಬಂದು ಒಯ್ಯುತ್ತೇನೆ ಎಂದಿದ್ದಳು. ಬಂದಿಲ್ಲ. ಅಂಗಡಿಗೆ ಫೋನೂ ಮಾಡಿಲ್ಲ. ದಿನವಿಡೀ ಊರಿಗೆಲ್ಲ ಫೋನು ಜೋಡಿಸಿ ಕೊಡುವವಳು. ಸಂಜೆ ಅವಳ ಕೆಲಸದ ಜಾಗಕ್ಕೆ ಫೋನು ಮಾಡಿದೆ. ಬೇರೆ ಯಾರದೋ ಧ್ವನಿ. ಅವರು ಈ ವಾರ ರಜೆಯ ಮೇಲಿದ್ದಾರೆ ಎಂದಿತು. ಯಾಕೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅವಳ ಹೊದಿಕೆಗಳನ್ನು ಕಾಗದದಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಿದ್ದೇನೆ. ಅಲಗು, ಅಳತೆ ಪುಸ್ತಕ, ನಿಮ್ಮ ಪತ್ರ ಚೀಲದಲ್ಲಿವೆ. ಬಡಗಿ ಒಳಗೆ ಬರೀ ಹಲಗೆಗೆ ಬಡಿಯುತ್ತಿದ್ದಾಳೆ. ಅವಳಪ್ಪ ಪಕ್ಕದಲ್ಲಿ ಕೂತಿದ್ದಾರೆ. ಕೆಳಗೆ ಗಡಿಯಾರದವರ ದೀಪ ಇನ್ನೂ ಆರಿಲ್ಲ.

ಈ ಹೊತ್ತಿನಲ್ಲಿ ಬಸ್ಸಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಎಂಟನೆಯ ಮನೆಯಿಂದ ಶುರುಮಾಡುತ್ತೇನೆ.

ನಿಮ್ಮ ಮಗಳು